ಠಾಣೆ, ಲಾಕಪ್ಪು, ಹೈಕೋರ್ಟು: ಪೊಲೀಸ್ ದೌರ್ಜನ್ಯದ ಬಗ್ಗೆ ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪೊಲೀಸರು ಮಾಡಬಾರದ್ದನ್ನು ಮಾಡಿದಾಗ ಕಾನೂನು ನಮ್ಮ ಕಡೆ ಇದೆಯೇ? ಇದೆ, ಬೇಕಾದಷ್ಟಿದೆ. ಕೊರತೆ ಇರುವುದು ಕಾಗದದಲ್ಲಿ. ಮೊದಲ ಎರಡು ದಿನ ಯಾರೂ ಏನನ್ನೂ ಬರೆದಿಡದೆ, ಯಾವ ಚೀಟಿಯನ್ನೂ ಪಡೆಯದೆ ಕೂತದ್ದಕ್ಕೇ ಇಂಥ ಕೇಸುಗಳಲ್ಲಿ ಹೆಚ್ಚಿನವು ಬಿದ್ದುಹೋಗುತ್ತವೆ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ದೊಡ್ಡ ತತ್ವಗಳಿಗಿಂತ ಯಾವ ಕಾಗದವನ್ನು ಯಾರ ಕೈಯಿಂದ ಪಡೆಯಬೇಕು ಎಂಬ ಮಾತೇ ಜಾಸ್ತಿ.

2024ರ ಜುಲೈ 1ರಿಂದ ಬಂಧನ, ತನಿಖೆಯ ವಿಧಾನ ಹೇಳುತ್ತಿದ್ದ ಹಳೆಯ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಅಪರಾಧ, ಶಿಕ್ಷೆಗಳನ್ನು ಹೇಳುತ್ತಿದ್ದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೆಳಗೆ ಮೊದಲನೆಯದನ್ನು ಸುರಕ್ಷಾ ಸಂಹಿತೆ ಎಂದೂ ಎರಡನೆಯದನ್ನು ನ್ಯಾಯ ಸಂಹಿತೆ ಎಂದೂ ಕರೆದಿದೆ. ಬರೀ ಕಲಂ ಎಂದಿರುವಲ್ಲಿ ಅದು ಸುರಕ್ಷಾ ಸಂಹಿತೆಯದ್ದು. ಠಾಣೆಗಳಲ್ಲಿ ಈಗಲೂ ಹಳೆಯ ನಂಬರುಗಳೇ ಬಾಯಲ್ಲಿ ಓಡಾಡುತ್ತಿರುವುದರಿಂದ ಕೆಲವು ಕಡೆ ಅವನ್ನೂ ಕೊಟ್ಟಿದೆ.

ಠಾಣೆಯಿಂದ ಫೋನು ಬಂದಿದೆ. "ಚೌಕಶಿ (ವಿಚಾರಣೆ) ಇದೆ, ಬಂದು ಹೋಗು" ಎನ್ನುತ್ತಾರೆ. ಹೋಗಲೇಬೇಕೇ?

ಬರೀ ಫೋನು ಬಂತೆಂದು ಹೋಗಲೇಬೇಕಿಲ್ಲ. ಕರೆಯಬೇಕಾದದ್ದು ಲಿಖಿತ ನೋಟಿಸಿನ ಮೂಲಕ. ಸಾಕ್ಷಿಯಾಗಿ ಬೇಕಾದರೆ ಸುರಕ್ಷಾ ಸಂಹಿತೆಯ ಕಲಂ 179, ನಿಮ್ಮ ಮೇಲೆಯೇ ಆರೋಪವಿದ್ದರೆ ಕಲಂ 35(3). ಈ ಎರಡನೆಯ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಅದು ನೋಟಿಸು ಕೊಟ್ಟಂತಾಗದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಹೆಂಗಸರು, 15 ವರ್ಷದೊಳಗಿನ ಮಕ್ಕಳು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರು ಸಾಕ್ಷಿಗಳಾಗಿದ್ದರೆ ಅವರನ್ನು ಠಾಣೆಗೆ ಬಾ ಎನ್ನುವಂತೆಯೇ ಇಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು.

ಫೋನು ಮಾಡಿದವರ ಹೆಸರು, ಹುದ್ದೆ, ಠಾಣೆ, ಯಾವ ಕೇಸು ಎಂದು ಕೇಳಿ ಬರೆದುಕೊಳ್ಳಿ. ನೋಟಿಸು ಕೊಡಿ, ಬರುತ್ತೇನೆ ಎಂದು ಮರ್ಯಾದೆಯಿಂದ ಹೇಳಿ. ನೋಟಿಸು ಕೈಗೆ ಬಂದ ಮೇಲೆ ಮಾತ್ರ ತಪ್ಪಿಸಿಕೊಂಡು ತಿರುಗಬೇಡಿ. 7 ವರ್ಷದವರೆಗಿನ ಶಿಕ್ಷೆಯ ಆರೋಪಗಳಲ್ಲಿ ಸುಮ್ಮನೆ ಬಂಧಿಸಬಾರದು, ಮೊದಲು ನೋಟಿಸು ಕೊಡಬೇಕು ಎಂಬುದು 2014ರ ಅರ್ನೇಶ್ ಕುಮಾರ್ ತೀರ್ಪಿನ ಸಾರ. ನೋಟಿಸಿಗೆ ಹಾಜರಾಗದವನು ಆ ರಕ್ಷಣೆಯನ್ನು ತಾನೇ ಕಳೆದುಕೊಳ್ಳುತ್ತಾನೆ. ಹೋಗುವಾಗ ಒಬ್ಬರೇ ಹೋಗಬೇಡಿ. ಎಷ್ಟು ಹೊತ್ತಿಗೆ ಒಳಗೆ ಹೋದಿರಿ ಎಂದು ಮನೆಯವರಿಗೆ ಮೆಸೇಜು ಹಾಕಿಟ್ಟರೆ ಆ ಮೆಸೇಜೇ ಮುಂದೆ ಸಾಕ್ಷಿಯಾಗುತ್ತದೆ.

ರಾತ್ರಿ ನಮ್ಮ ಹೋಟೆಲಿಗೆ ರೈಡ್ ಬಂತು. ನಾಲ್ಕು ಹುಡುಗರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋದರು. "ಅರೆಸ್ಟ್ ಅಲ್ಲ, ಬರೀ ಚೌಕಶಿ" ಎನ್ನುತ್ತಾರೆ. ಮಧ್ಯಾಹ್ನವಾದರೂ ಬಿಟ್ಟಿಲ್ಲ.

ಬಂಧನ ಮತ್ತು ಸ್ವಾತಂತ್ರ್ಯದ ನಡುವೆ ಮೂರನೆಯ ಸ್ಥಿತಿಯೊಂದು ಕಾನೂನಿನಲ್ಲಿ ಇಲ್ಲ. ಹುಡುಗ ಎದ್ದು ಬಾಗಿಲು ದಾಟಿ ಹೊರಟರೆ ತಡೆಯುತ್ತಾರೆಂದಾದರೆ ಅವನು ಕಸ್ಟಡಿಯಲ್ಲಿದ್ದಾನೆ, ಡೈರಿಯಲ್ಲಿ ಏನೇ ಬರೆದಿರಲಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದು ಸಂವಿಧಾನದ 22ನೇ ವಿಧಿಯೂ ಸುರಕ್ಷಾ ಸಂಹಿತೆಯ ಕಲಂ 58ವೂ ಹೇಳುತ್ತವೆ. ಆ ಗಡಿಯಾರ ಶುರುವಾಗಬೇಕಾದದ್ದು ವ್ಯಾನಿಗೆ ಹತ್ತಿಸಿದಾಗ. ಪೊಲೀಸರ ಕಾಗದದಲ್ಲಿ ಮಾತ್ರ ಬಂಧನದ ಹೊತ್ತು ಮರುದಿನ ಸಂಜೆ ಎಂದಿರುವುದುಂಟು. ಹಾಗಾಗಿ ಹೋಟೆಲಿನ ಸಿಸಿಟಿವಿ ದೃಶ್ಯವನ್ನು ಅಂದೇ ಬೇರೆ ಕಡೆ ಕಾಪಿ ಮಾಡಿಡಿ. ಎರಡು ವಾರ ಬಿಟ್ಟು ನೋಡಿದರೆ ಅದರ ಮೇಲೆ ಹೊಸ ರೆಕಾರ್ಡಿಂಗ್ ಕೂತಿರುತ್ತದೆ.

ಹೋಟೆಲು, ಬಾರುಗಳ ಮೇಲೆ ಸಮಯ ಮೀರಿದ್ದಕ್ಕೆ, ಪರವಾನಗಿಗೆ ಸಂಬಂಧಿಸಿ ಹಾಕುವ ಕೇಸುಗಳಲ್ಲಿ ಎಷ್ಟೋ ಆರೋಪಗಳು ಜಾಮೀನು ಸಿಗುವಂಥವು. ಅಂಥದ್ದಾದರೆ ಠಾಣೆಯಲ್ಲೇ ಜಾಮೀನಿನ ಮೇಲೆ ಬಿಡಬೇಕು (ಕಲಂ 478). ಅದು ಸಾಹೇಬರ ಕೃಪೆಯ ವಿಷಯವಲ್ಲ, ಆರೋಪಿಯ ಹಕ್ಕು. ದಕ್ಷಿಣ ಮುಂಬೈಯ ಠಾಣೆಯೊಂದು ಜಾಮೀನು ಸಿಗುವ ಆರೋಪದಲ್ಲಿ ಸಂಗೀತ ಶಿಕ್ಷಕರೊಬ್ಬರನ್ನು ಲಾಕಪ್ಪಿಗೆ ಹಾಕಿದ್ದಕ್ಕೆ ಬಾಂಬೆ ಹೈಕೋರ್ಟು 2023ರಲ್ಲಿ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮಾಲೀಕರು ಈ ತೀರ್ಪಿನ ಪ್ರತಿ ಇಟ್ಟುಕೊಂಡರೆ ಒಳ್ಳೆಯದು.

24 ಗಂಟೆ ದಾಟಿದರೆ ಅಥವಾ ಹುಡುಗ ಎಲ್ಲಿದ್ದಾನೆಂದೇ ಯಾರೂ ಹೇಳದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತರಿಸಿ ಎಂಬ ಅರ್ಜಿ, ಹಾಕಬಹುದು. ಮನೆಯವರೇ ಹಾಕಬೇಕೆಂದಿಲ್ಲ; ಗೆಳೆಯ, ಮಾಲೀಕ, ಯಾರೂ ಹಾಕಬಹುದು. ಅರ್ಜಿ ಸಿದ್ಧವಾಗುತ್ತಿದೆ ಎಂಬ ಸುದ್ದಿ ತಲುಪಿದ ಮಾತ್ರಕ್ಕೇ ಹುಡುಗ ಹೊರಗೆ ಬಂದದ್ದೂ ಇದೆ.

ಬಂಧಿಸುವಾಗ ಪೊಲೀಸರು ಏನೇನು ಮಾಡಬೇಕು?

1996ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಡಿ.ಕೆ. ಬಸು ಕೇಸಿನಲ್ಲಿ 11 ಸೂಚನೆಗಳನ್ನು ಕೊಟ್ಟಿತು. ಬಹುಪಾಲು ಈಗ ಕಾನೂನಿನೊಳಗೇ ಸೇರಿವೆ. ಬಂಧಿಸುವವರ ಎದೆ ಮೇಲೆ ಹೆಸರಿನ ಪಟ್ಟಿ ಇರಬೇಕು. ಹೊತ್ತು, ತಾರೀಖು ಬರೆದ ಬಂಧನದ ಮೆಮೊ ಆಗಬೇಕು. ಅದಕ್ಕೆ ಮನೆಯವರದ್ದೋ ಆ ಜಾಗದ ಗೌರವಸ್ಥರದ್ದೋ ಸಾಕ್ಷಿ ಸಹಿ ಇರಬೇಕು. ಬಂಧಿತ ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು. ವಿಚಾರಣೆಯ ಪೂರ್ತಿ ಹೊತ್ತು ಅಲ್ಲದಿದ್ದರೂ ನಡುವೆ ವಕೀಲರನ್ನು ಕಾಣಲು ಬಿಡಬೇಕು.

ನಮ್ಮವರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗದ ತೀರ್ಪು ಮುಂಬೈಯ ಕೇಸಿನಿಂದಲೇ ಬಂದಿದೆ. 2025ರ ನವೆಂಬರ್ 6ರ ಮಿಹಿರ್ ರಾಜೇಶ್ ಶಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಯಾವ ಅಪರಾಧವೇ ಇರಲಿ, ಬಂಧನದ ಕಾರಣಗಳನ್ನು ಬರಹದಲ್ಲಿ ಕೊಡಬೇಕು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ತಕ್ಷಣ ಆಗದಿದ್ದರೆ ಬಾಯಿಮಾತಿನಲ್ಲಿ ಹೇಳಿ, ರಿಮಾಂಡಿಗಾಗಿ (ಕಸ್ಟಡಿ ಮುಂದುವರಿಸುವ ಆದೇಶಕ್ಕಾಗಿ) ಮ್ಯಾಜಿಸ್ಟ್ರೇಟರ ಮುಂದೆ ತರುವ ಕನಿಷ್ಠ ಎರಡು ಗಂಟೆ ಮೊದಲು ಬರಹ ಕೈಗೆ ಕೊಡಬೇಕು. ಕೊಡದಿದ್ದರೆ ಆ ಬಂಧನವೂ ರಿಮಾಂಡೂ ಕಾನೂನುಬಾಹಿರ. ಯಾದಗಿರಿಯಿಂದ ಬಂದು ಕನ್ನಡ ಬಿಟ್ಟು ಬೇರೇನೂ ಓದಲು ಬಾರದ ಗಾರೆ ಕೆಲಸದವನಿಗೆ ಮರಾಠಿಯಲ್ಲಿ ಟೈಪಾದ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡರೆ ಈ ತೀರ್ಪನ್ನು ಪಾಲಿಸಿದಂತಾಗುವುದಿಲ್ಲ. "ಮಲಾ ಮರಾಠಿ ವಾಚತಾ ಯೇತ್ ನಾಹಿ" (ನನಗೆ ಮರಾಠಿ ಓದಲು ಬರುವುದಿಲ್ಲ) ಎಂದು ಹೇಳುವುದನ್ನಾದರೂ ನಿಮ್ಮ ಹುಡುಗರಿಗೆ ಕಲಿಸಿ. ಸಹಿ ಹಾಕಲೇಬೇಕಾಗಿ ಬಂದರೆ ಸಹಿಯ ಪಕ್ಕದಲ್ಲೇ "ಮರಾಠಿ ಬಾರದು, ಓದಿ ಹೇಳಿಲ್ಲ" ಎಂದು ಕನ್ನಡದಲ್ಲಿ ಬರೆಯಲಿ. ಆ ಒಂದು ಸಾಲಿನ ಬೆಲೆ ಗೊತ್ತಾಗುವುದು ಕೋರ್ಟಿನಲ್ಲಿ.

ಜಬಾಬಿಗೆ ಸಹಿ ಹಾಕು ಎಂದು ಒತ್ತಾಯಿಸುತ್ತಾರೆ.

ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ, ಅಂದರೆ ಇಲ್ಲಿನ ಬಾಯಲ್ಲಿ ಜಬಾಬಿಗೆ, ಸಹಿ ಬೇಕಿಲ್ಲ. ಬೇಕಿಲ್ಲ ಮಾತ್ರವಲ್ಲ, ಹಾಕಿಸಿಕೊಳ್ಳುವಂತೆಯೇ ಇಲ್ಲ ಎಂದು ಕಲಂ 181 ಹೇಳುತ್ತದೆ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದು ಆರೋಪಿಯ ವಿರುದ್ಧ ಸಾಕ್ಷ್ಯವಾಗದು. ಆದರೆ ಆ ಹೇಳಿಕೆಯ ಆಧಾರದಿಂದ ವಸ್ತುವೇನಾದರೂ ಸಿಕ್ಕರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. "ಆರೋಪಿ ತಾನೇ ತೋರಿಸಿದ" ಎಂಬ ಪಂಚನಾಮೆಗಳ ಬಗ್ಗೆ ಎಚ್ಚರವಿರಬೇಕಾದದ್ದು ಇದೇ ಕಾರಣಕ್ಕೆ. ನೀವೇ ದೂರುದಾರರಾಗಿ ಎಫ್‌ಐಆರ್ ಬರೆಸಿದರೆ ಮಾತ್ರ ಸಹಿ ಬೇಕು. ಅದನ್ನು ಓದಿ ಹೇಳಿಸಿಕೊಂಡೇ ಹಾಕಿ, ಪ್ರತಿಯನ್ನು ಪುಕ್ಕಟೆ ಪಡೆಯಿರಿ. ಖಾಲಿ ಹಾಳೆಗೆ ಯಾವತ್ತೂ ಬೇಡ.

ಲಾಕಪ್ಪಿನಲ್ಲಿ ಹೊಡೆದಿದ್ದಾರೆ. ಮೊದಲು ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಉದ್ದ. ಮಾಡಬೇಕಾದ್ದೆಲ್ಲ ಒಂದೆರಡು ದಿನಗಳೊಳಗೇ ಆಗಬೇಕು.

ಮೊದಲನೆಯದು ವೈದ್ಯಕೀಯ ತಪಾಸಣೆ. ಬಂಧನವಾದ ಕೂಡಲೇ ಸರ್ಕಾರಿ ವೈದ್ಯರಿಂದ ತಪಾಸಣೆ ಆಗಬೇಕು, ವರದಿಯ ಪ್ರತಿಯನ್ನು ಬಂಧಿತನಿಗೋ ಅವನು ಹೇಳಿದವರಿಗೋ ಕೊಡಬೇಕು (ಕಲಂ 53). ಕಸ್ಟಡಿಯಲ್ಲಿರುವಷ್ಟು ಕಾಲ 48 ಗಂಟೆಗೊಮ್ಮೆ ತಪಾಸಣೆ ಎಂಬುದು ಡಿ.ಕೆ. ಬಸು ತೀರ್ಪಿನ ಸೂಚನೆ. ತೊಂದರೆ ಏನೆಂದರೆ, ಹೊಡೆದವರೇ ಆಸ್ಪತ್ರೆಗೂ ಜೊತೆಗಿರುತ್ತಾರೆ. "ಬಿದ್ದೆ ಅಂತ ಹೇಳು" ಎಂದು ದಾರಿಯಲ್ಲೇ ಪಾಠ ಮಾಡಿರುತ್ತಾರೆ. ವೈದ್ಯರ ಎದುರು ಬಾಯಿ ಬಿಡಲು ಭಯವಾಗುವುದು ಸಹಜ. ಆದರೂ ಎಲ್ಲೆಲ್ಲಿ ನೋವಿದೆ ಎಂದು ಒಂದೊಂದೇ ತೋರಿಸಿ. ಅಂಗಾಲಿಗೆ ಹೊಡೆದಿದ್ದರೆ ಹೊರಗೆ ಗುರುತು ಕಾಣದೆ ಒಳಗೆ ಬಾವು ಇರುತ್ತದೆ. ಹೇಳದಿದ್ದರೆ ವೈದ್ಯರು ಚಪ್ಪಲಿ ಬಿಚ್ಚಿಸಿ ನೋಡುವುದಿಲ್ಲ. ಬಿಡುಗಡೆಯಾಗಿ ಹೊರಗೆ ಬಂದವರು ಸೀದಾ ಕೆಇಎಂ, ಸಾಯನ್, ನಾಯರ್, ಕೂಪರ್, ರಾಜಾವಾಡಿಯಂಥ ಸಾರ್ವಜನಿಕ ಆಸ್ಪತ್ರೆಗೆ ಹೋಗಿ, "ಪೊಲೀಸರು ಹೊಡೆದದ್ದು" ಎಂದೇ ಹೇಳಿ ಎಂಎಲ್‌ಸಿ (ಕಾನೂನು ಕೇಸಿಗಾಗಿ ಆಸ್ಪತ್ರೆ ಮಾಡುವ ಗಾಯದ ದಾಖಲೆ) ಮಾಡಿಸಿ. ಗಲ್ಲಿಯ ಡಾಕ್ಟರ ಚೀಟಿ ಬ್ಯಾಂಡೇಜಿಗೆ ಸಾಕು, ಕೋರ್ಟಿಗೆ ಸಾಲದು.

ಎರಡನೆಯದು ಮ್ಯಾಜಿಸ್ಟ್ರೇಟರ ಮುಂದಿನ ಆ ಎರಡು ನಿಮಿಷ. ಪತ್ರಕರ್ತೆ ಶೀಲಾ ಬರ್ಸೆ ಬಾಂಬೆಯ ಮಹಿಳಾ ಕೈದಿಗಳನ್ನು ಮಾತಾಡಿಸಿ, ಅವರಲ್ಲಿ ಕೆಲವರಿಗೆ ಲಾಕಪ್ಪಿನಲ್ಲಿ ಹೊಡೆದಿದ್ದಾರೆಂದು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡು 1983ರಲ್ಲಿ ತೀರ್ಪು ಬಂತು. ಕಸ್ಟಡಿಯಲ್ಲಿ ಹಿಂಸೆಯಾಗಿದೆಯೇ ಎಂದು ಮ್ಯಾಜಿಸ್ಟ್ರೇಟರೇ ಬಂಧಿತನನ್ನು ಕೇಳಬೇಕು, ತಪಾಸಣೆಯ ಹಕ್ಕಿದೆ ಎಂದು ತಿಳಿಸಬೇಕು ಎಂಬ ನಿಯಮ ಅದರಿಂದ ಬಂದದ್ದು. ಹೆಂಗಸರಿಗೆ ಬೇರೆ ಲಾಕಪ್ಪು, ಅಲ್ಲಿ ಮಹಿಳಾ ಪೇದೆಯರ ಕಾವಲು ಎಂಬ ಆದೇಶವೂ ಅದರದ್ದೇ. ಬಂಧಿತರ ಹಕ್ಕುಗಳನ್ನು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಲಾಕಪ್ಪಿನ ಗೋಡೆಗೆ ಅಂಟಿಸಬೇಕೆಂದೂ ಕೋರ್ಟು ಹೇಳಿತು. ಆ ಪಟ್ಟಿಯಲ್ಲಿ ಕನ್ನಡ ಇಲ್ಲವಾದ್ದರಿಂದ ನಮ್ಮವರಿಗೆ ಮೊದಲೇ ಗೊತ್ತಿರಬೇಕು.

ಕಿಲ್ಲಾ ಕೋರ್ಟಿರಲಿ, ಕುರ್ಲಾ, ಅಂಧೇರಿ, ಬೋರಿವಲಿ ಇರಲಿ, ಒಬ್ಬೊಬ್ಬರಿಗೆ ಸಿಗುವ ಹೊತ್ತು ಬಹಳ ಕಡಿಮೆ. "ಕಾಹಿ ತಕ್ರಾರ್ ಆಹೇ ಕಾ?" (ಏನಾದರೂ ದೂರಿದೆಯೇ?) ಎಂದು ಕೇಳಿದಾಗ ಎಷ್ಟೋ ಹುಡುಗರು ತಲೆ ಅಲ್ಲಾಡಿಸಿ "ನಾಹಿ" (ಇಲ್ಲ) ಎಂದುಬಿಡುತ್ತಾರೆ. ಪಕ್ಕದಲ್ಲಿ ಹವಾಲ್ದಾರ್ ನಿಂತಿರುತ್ತಾನೆ, ಮತ್ತೆ ಅದೇ ಠಾಣೆಗೆ ಹೋಗಬೇಕಾಗಿರುತ್ತದೆ. ಆ ಒಂದು "ನಾಹಿ" ಕೋರ್ಟಿನ ದಿನದ ದಾಖಲೆಯಾದ ರೋಜ್‌ನಾಮೆಯಲ್ಲಿ "ತಕರಾರಿಲ್ಲ" ಎಂದು ದಾಖಲಾಗಿ ವರ್ಷಗಟ್ಟಲೆ ಕಾಡುತ್ತದೆ. ಹೊಡೆದಿದ್ದರೆ ಅಲ್ಲೇ, ಆಗಲೇ, ಯಾವ ಭಾಷೆಯಲ್ಲಾದರೂ ಹೇಳಬೇಕು. ಕನ್ನಡದಲ್ಲೇ ಕೂಗಿ ಹೇಳಿದರೂ ಸರಿ. ದುಭಾಷಿಯನ್ನು ಕರೆಸುವುದು ಕೋರ್ಟಿನ ಕೆಲಸ. ವಕೀಲರು ಅದೇ ದಿನ ಪೊಲೀಸ್ ಕಸ್ಟಡಿಗೆ ಆಕ್ಷೇಪ ಎತ್ತಿ, ಬೇರೆ ಆಸ್ಪತ್ರೆಯಲ್ಲಿ ತಪಾಸಣೆಗೆ ಅರ್ಜಿ ಕೊಡಬೇಕು. ಹೊಸ ಕಾನೂನಿನಲ್ಲಿ 15 ದಿನದ ಪೊಲೀಸ್ ಕಸ್ಟಡಿಯನ್ನು ತುಂಡು ತುಂಡಾಗಿ, ಮೊದಲ 40 ಅಥವಾ 60 ದಿನಗಳ ನಡುವೆ ಯಾವಾಗ ಬೇಕಾದರೂ ಕೇಳಬಹುದು. ಜೈಲಿಗೆ ಹೋದ ಮೇಲೂ ಹುಡುಗ ಮತ್ತೆ ಠಾಣೆಗೆ ಬರಬಹುದೆಂಬ ಭಯ ಹೀಗೆ ಉಳಿದೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಕೆಟ್ಟ ಬದಲಾವಣೆ.

ಉಳಿದದ್ದು ಮನೆಯವರ ಕೆಲಸ. ಗಾಯದ ಫೋಟೊ ತೆಗೆಯಿರಿ, ಎರಡು ದಿನ ಬಿಟ್ಟು ಮತ್ತೆ ತೆಗೆಯಿರಿ. ಕಂದು ಬಣ್ಣ ಏರುವುದು ಆಮೇಲೆ. ರಕ್ತ ಹತ್ತಿದ ಅಂಗಿಯನ್ನು ಒಗೆಯದೆ ಕಾಗದದ ಚೀಲದಲ್ಲಿ ಕಟ್ಟಿಡಿ. ಯಾರು, ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ, ಏನು ಬೈದರು ಎಂದು ನೆನಪು ಹಸಿಯಾಗಿರುವಾಗಲೇ ಕನ್ನಡದಲ್ಲಿ ಬರೆಸಿ, ತಾರೀಖು ಹಾಕಿಸಿ.

ಠಾಣೆಯ ಸಿಸಿಟಿವಿ ನಮಗೆ ಸಿಗುತ್ತದೆಯೇ?

2020ರ ಡಿಸೆಂಬರಿನ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನ ಪ್ರಕಾರ ಪ್ರತಿ ಠಾಣೆಯ ಬಾಗಿಲು, ಲಾಕಪ್ಪು, ಪಡಸಾಲೆ, ಇನ್‌ಸ್ಪೆಕ್ಟರ ಕೋಣೆ ಎಲ್ಲ ಕಡೆ ಧ್ವನಿಯೂ ದಾಖಲಾಗುವ ಕ್ಯಾಮೆರಾ ಇರಬೇಕು. ರೆಕಾರ್ಡಿಂಗನ್ನು 18 ತಿಂಗಳು, ಆಗದಿದ್ದರೆ ಕಡೇಪಕ್ಷ ಒಂದು ವರ್ಷ ಉಳಿಸಿಡಬೇಕು. ಹಿಂಸೆಗೆ ಒಳಗಾದವರಿಗೆ ಅದನ್ನು ಕೊಡಿ ಎಂದು ಕೇಳುವ ಹಕ್ಕಿದೆ. ನಿಜ ಸ್ಥಿತಿ ಎಂದರೆ, ಬೇಕಾದ ದಿನದ ಕ್ಯಾಮೆರಾ "ಬಂದ್ ಹೋತಾ" (ನಿಂತುಹೋಗಿತ್ತು) ಎಂಬ ಉತ್ತರ ಸಾಮಾನ್ಯ. ಆದ್ದರಿಂದ ಮೊದಲ ವಾರದಲ್ಲೇ ಡಿಸಿಪಿಗೂ ಠಾಣೆಯ ಮುಖ್ಯಸ್ಥರಾದ ಸೀನಿಯರ್ ಪಿಐಗೂ, ಇಂಥ ದಿನ ಇಷ್ಟರಿಂದ ಇಷ್ಟು ಗಂಟೆಯವರೆಗಿನ ದೃಶ್ಯ ಅಳಿಸಬೇಡಿ ಎಂದು ಪತ್ರ ಕೊಡಿ, ಮ್ಯಾಜಿಸ್ಟ್ರೇಟರಿಗೂ ಅರ್ಜಿ ಹಾಕಿ. ಪತ್ರ ತಲುಪಿದ ಮೇಲೂ ದೃಶ್ಯ ಮಾಯವಾದರೆ ಆ ಮಾಯವಾದದ್ದೇ ನಿಮ್ಮ ಪರ ವಾದವಾಗುತ್ತದೆ.

ಠಾಣೆಯೊಳಗೆ ನಾವು ಮೊಬೈಲಿನಲ್ಲಿ ರೆಕಾರ್ಡ್ ಮಾಡಬಹುದೇ?

ಪೊಲೀಸ್ ಠಾಣೆ ಅಧಿಕೃತ ರಹಸ್ಯ ಕಾಯಿದೆಯ ಅರ್ಥದಲ್ಲಿ ನಿಷೇಧಿತ ಸ್ಥಳವಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. ಅಂದಮಾತ್ರಕ್ಕೆ ಸಾಹೇಬರ ಮುಖಕ್ಕೆ ಫೋನು ಹಿಡಿಯಬೇಡಿ. ಜಗಳ ಬೇರೆ ದಾರಿಗೆ ಹೋಗುತ್ತದೆ.

ನಮ್ಮ ದೂರು ತೆಗೆದುಕೊಳ್ಳಲಿಲ್ಲ. ಎನ್‌ಸಿ ಬರೆದು ಕಳಿಸಿದರು.

ಮುಂಬೈಯಲ್ಲಿ ಇದಕ್ಕಿಂತ ಸಾಮಾನ್ಯ ದೂರು ಇನ್ನೊಂದಿಲ್ಲ. ಎನ್‌ಸಿ ಎಂದರೆ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆ ಮಾಡಲಾಗದ ಸಣ್ಣ ಅಪರಾಧದ ನಮೂದು. ಮೂಳೆ ಮುರಿದಿದ್ದರೂ ಎನ್‌ಸಿ ಕೈಗಿಟ್ಟರೆ ತನಿಖೆಯೇ ಆಗುವುದಿಲ್ಲ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ 14 ದಿನದ ಪ್ರಾಥಮಿಕ ವಿಚಾರಣೆಗೆ ಹೊಸ ಕಾನೂನು ಅವಕಾಶ ಕೊಟ್ಟಿದೆ. "ಇದು ನಮ್ಮ ಹದ್ದಿಯಲ್ಲ" ಎಂಬ ನೆಪಕ್ಕೂ ಈಗ ಜಾಗವಿಲ್ಲ. ಎಲ್ಲಿ ನಡೆದಿದ್ದರೂ ಝೀರೊ ಎಫ್‌ಐಆರ್ ಬರೆದು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು.

ಆಗದಿದ್ದರೆ ದೂರನ್ನು ಬರಹದಲ್ಲಿ ಕೊಟ್ಟು ಆವಕ್ ಟೇಬಲಿನಲ್ಲಿ (ಕಾಗದಪತ್ರ ಸ್ವೀಕರಿಸುವಲ್ಲಿ) ಮೊಹರು ಹಾಕಿಸಿಕೊಳ್ಳಿ. ಅದನ್ನೂ ಹಾಕದಿದ್ದರೆ ಸ್ಪೀಡ್ ಪೋಸ್ಟ್. ನಂತರ ಡಿಸಿಪಿಗೆ (ಕಲಂ 173(4)), ಕೊನೆಗೆ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರಿಗೆ (ಕಲಂ 175(3), ಹಳೆಯ 156(3)). ಮೆಟ್ಟಿಲು ಬಿಟ್ಟು ಹಾರಿದರೆ ಅರ್ಜಿ ವಾಪಸು ಬರುತ್ತದೆ.

ಮನೆಗೆಲಸಕ್ಕೆ ಹೋಗುವ ನಮ್ಮ ಅಕ್ಕನ ಮೇಲೆ ಚಿನ್ನ ಕದ್ದ ಆರೋಪ. ರಾತ್ರಿ ಎಂಟಕ್ಕೆ ಕರೆದುಕೊಂಡು ಹೋದರು.

ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿ ಬರಹದಲ್ಲಿ ಕಾರಣ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು (ಕಲಂ 43). ಮೈ ತಪಾಸಣೆ ಹೆಂಗಸೇ ಮಾಡಬೇಕು. ಸೊಸೈಟಿಯ ಗೇಟಿನ ರಿಜಿಸ್ಟರಿನಲ್ಲಿ ಅವರು ಹೊರಗೆ ಹೋದ ಹೊತ್ತು ನಮೂದಾಗಿರುತ್ತದೆ. ಅದರ ಫೋಟೊ ತೆಗೆದಿಡಿ. ಆಸ್ಪತ್ರೆಯ ಚೀಟಿ, ಗಾಯದ ಫೋಟೊ ಎಲ್ಲ ಮೇಲೆ ಹೇಳಿದಂತೆಯೇ. ಚಿನ್ನ ಮನೆಯ ಕಪಾಟಿನಲ್ಲೇ ಸಿಕ್ಕ ಮೇಲೆ "ಹೋಗಲಿ ಬಿಡಿ" ಎಂದು ಸುಮ್ಮನಾಗುವವರೇ ಹೆಚ್ಚು. ಹೊಡೆದದ್ದು ಮಾತ್ರ ಆಗಲೂ ಅಪರಾಧವೇ. ತಪ್ಪೊಪ್ಪಿಗೆ ಹಿಂಡಲು ಹೊಡೆದರೆ ನ್ಯಾಯ ಸಂಹಿತೆಯ ಕಲಂ 120ರಡಿ 7 ವರ್ಷ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆಯಿದೆ.

ಸಂಘದ ಅಧ್ಯಕ್ಷರಿಂದಲೋ ನಗರಸೇವಕರಿಂದಲೋ ಒಂದು ಫೋನು ಮಾಡಿಸಿದರೆ ಮುಗಿಯುವುದಿಲ್ಲವೇ?

ಆ ರಾತ್ರಿ ಮುಗಿಯುತ್ತದೆ. ಮಾಟುಂಗಾದಿಂದ ಮೀರಾ ರೋಡಿನವರೆಗೆ ನಮ್ಮವರ ಸಂಘಗಳಿಗೆ ಈ ಊರಿನಲ್ಲಿ ಒಳ್ಳೆಯ ಹೆಸರಿದೆ; ಒಬ್ಬ ಹಿರಿಯರು ಫೋನು ಮಾಡಿದರೆ ಹುಡುಗ ಮನೆಗೆ ಬರುತ್ತಾನೆ. ಬೇಡ ಎನ್ನುವಂತಿಲ್ಲ. ಆದರೆ ಹೀಗೆ ಬಿಟ್ಟು ಕಳಿಸುವಾಗ "ಸ್ವಂತ ಇಚ್ಛೆಯಿಂದ ಬಂದಿದ್ದೆ, ಯಾವ ತಕರಾರೂ ಇಲ್ಲ" ಎಂದು ಬರೆಸಿಕೊಳ್ಳುತ್ತಾರೆ. ಅದರ ಮೇಲೆ ನಮ್ಮ ಹಿರಿಯರೇ ಸಾಕ್ಷಿ ಸಹಿ ಹಾಕಿರುತ್ತಾರೆ! ಮೂರು ದಿನದ ಮೇಲೆ ಹುಡುಗನಿಗೆ ಮೂತ್ರದಲ್ಲಿ ರಕ್ತ ಬಂದಾಗ ಆ ಕಾಗದವೇ ಎದುರು ನಿಲ್ಲುತ್ತದೆ. ಫೋನು ಮಾಡುವ ಹಿರಿಯರಲ್ಲಿ ಒಂದೇ ವಿನಂತಿ: ಹುಡುಗನನ್ನು ಮನೆಗಲ್ಲ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂಥ ಕಾಗದಕ್ಕೆ ಸಾಕ್ಷಿ ಸಹಿ ಹಾಕಬೇಡಿ.

ಪೊಲೀಸರ ಮೇಲೆ ದೂರು ಕೊಡಬೇಕು. ಯಾವ ಬಾಗಿಲು?

ಮೇಲಧಿಕಾರಿಗಳಿಗೆ ಕೊಡುವ ದೂರು ಇಲಾಖಾ ವಿಚಾರಣೆಗೆ ಹೋಗುತ್ತದೆ. ಅಮಾನತು, ವರ್ಗಾವಣೆ ಆಗಬಹುದು. ನಿಮ್ಮ ಕೈಗೆ ಏನೂ ಬರುವುದಿಲ್ಲ. ಆದರೂ ಕೊಡಿ, ದಾಖಲೆಗೆ ಬೇಕು.

2006ರ ಪ್ರಕಾಶ್ ಸಿಂಗ್ ತೀರ್ಪಿನ ಫಲವಾಗಿ ಮಹಾರಾಷ್ಟ್ರದಲ್ಲಿ 2014ರ ತಿದ್ದುಪಡಿಯಿಂದ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಬಂದಿದೆ, ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಅದರ ಮುಖ್ಯಸ್ಥರು. ಕಸ್ಟಡಿ ಸಾವು, ತೀವ್ರ ಗಾಯ, ನಿಯಮ ಮೀರಿದ ಬಂಧನ, ಹಣ ಸುಲಿಗೆ ಎಲ್ಲ ಅದರ ವ್ಯಾಪ್ತಿಯಲ್ಲಿವೆ. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿನ ಹಜಾರಿಮಲ್ ಸೋಮಾನಿ ಮಾರ್ಗದಲ್ಲಿ ರಾಜ್ಯ ಮಾನವ ಹಕ್ಕುಗಳ ಆಯೋಗವಿದೆ. ಅಲ್ಲಿ ವಕೀಲರು ಬೇಕಿಲ್ಲ, ಶುಲ್ಕವಿಲ್ಲ. ಆದರೆ ಘಟನೆಯಾಗಿ ಒಂದು ವರ್ಷದೊಳಗೆ ಹೋಗಬೇಕು. ಆಯೋಗ ಪರಿಹಾರಕ್ಕೆ, ಕ್ರಮಕ್ಕೆ ಶಿಫಾರಸು ಮಾಡುತ್ತದೆ, ತಾನೇ ಶಿಕ್ಷೆ ಕೊಡಲಾರದು.

ಹೊಡೆದವನ ಮೇಲೆ ಕ್ರಿಮಿನಲ್ ಕೇಸೇ ಆಗಬೇಕೆಂದರೆ ಮ್ಯಾಜಿಸ್ಟ್ರೇಟರು. ಸರ್ಕಾರಿ ನೌಕರರ ಮೇಲಿನ ದೂರಾದರೆ ಮೊದಲು ಮೇಲಧಿಕಾರಿಯ ವರದಿ ತರಿಸಿ ನೋಡಲು ಹೊಸ ಕಲಂ 175(4) ಅವಕಾಶ ಕೊಟ್ಟಿದೆ. ಅನುಮತಿಯ ತೊಡಕು ಬೇರೆ. ಕರ್ತವ್ಯದ ವೇಳೆಯ ಕೃತ್ಯಕ್ಕೆ ಮೊಕದ್ದಮೆ ನಡೆಸಲು ಸರ್ಕಾರದ ಮಂಜೂರಾತಿ ಬೇಕು ಎಂಬ ವಾದ ಪ್ರತಿ ಕೇಸಿನಲ್ಲೂ ಬರುತ್ತದೆ. ಈಗ 120 ದಿನದಲ್ಲಿ ತೀರ್ಮಾನವಾಗದಿದ್ದರೆ ಮಂಜೂರಾತಿ ಸಿಕ್ಕಂತೆಯೇ (ಕಲಂ 218). ಲಾಕಪ್ಪಿನಲ್ಲಿ ಹೊಡೆಯುವುದು ಕರ್ತವ್ಯವೇ ಅಲ್ಲವಾದ್ದರಿಂದ ಮಂಜೂರಾತಿಯ ಪ್ರಶ್ನೆಯೇ ಇಲ್ಲ ಎಂದು ನಿಮ್ಮ ವಕೀಲರು ವಾದಿಸಬೇಕು.

ನೇರ ದಾರಿ ಹೈಕೋರ್ಟು, ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಮೂಲಭೂತ ಹಕ್ಕಿನ ಭಂಗಕ್ಕೆ ಪರಿಹಾರ, ತನಿಖೆ ಬೇರೆ ಸಂಸ್ಥೆಗೆ, ಎಫ್‌ಐಆರ್ ದಾಖಲಿಸಲು ಆದೇಶ, ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಸಿವಿಲ್ ದಾವೆಯ ದಾರಿಯೂ ಇದೆ. ಸರ್ಕಾರಕ್ಕೆ ಎರಡು ತಿಂಗಳ ನೋಟಿಸು ಕೊಡಬೇಕು, ಜೊತೆಗೆ ಮಹಾರಾಷ್ಟ್ರ ಪೊಲೀಸ್ ಕಾಯಿದೆಯ ಕಲಂ 161ರ ಗಡುವು ಚಿಕ್ಕದು. ಕಾಲಹರಣ ಮಾಡಿದವರು ಅಲ್ಲೇ ಮುಗ್ಗರಿಸುತ್ತಾರೆ.

ಪರಿಹಾರ ಎಷ್ಟು ಸಿಗಬಹುದು? ಅಮೆರಿಕದಲ್ಲಿ ಕೋಟಿಗಟ್ಟಲೆ ಕೊಡುತ್ತಾರಂತಲ್ಲ?

ಅಲ್ಲಿ 1871ರಷ್ಟು ಹಳೆಯ ನಾಗರಿಕ ಹಕ್ಕುಗಳ ಕಾನೂನಿದೆ, ಅದರಡಿ ಅಧಿಕಾರಿಯ ಮೇಲೆ ನೇರ ದಾವೆ ಹೂಡಬಹುದು. ಜಾರ್ಜ್ ಫ್ಲಾಯ್ಡ್ ಕುಟುಂಬಕ್ಕೆ ಮಿನಿಯಾಪೊಲಿಸ್ ನಗರ 2021ರಲ್ಲಿ 2.7 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಅಲ್ಲಿಯೂ ಅಧಿಕಾರಿಗಳಿಗೆ ರಕ್ಷಣೆ ಕೊಡುವ ನ್ಯಾಯಾಲಯದ ಸಿದ್ಧಾಂತವೊಂದು ಎಷ್ಟೋ ಕೇಸುಗಳನ್ನು ಬಾಗಿಲಲ್ಲೇ ಕೆಡವುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿ, ಅನುಮೋದಿಸದೆ ಕೂತಿದೆ. ಇರುವುದೆಲ್ಲ ಕೋರ್ಟುಗಳು ಕಟ್ಟಿದ ದಾರಿ. ಬಿಹಾರದಲ್ಲಿ ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿಟ್ಟಿದ್ದ ರುದುಲ್ ಸಾಹನಿಗೆ 1983ರಲ್ಲಿ ಸಿಕ್ಕಿದ್ದು 35,000 ರೂಪಾಯಿ. ಅಕ್ರಮವಾಗಿ ಬಂಧಿಸಿಟ್ಟಿದ್ದ ಜಮ್ಮು-ಕಾಶ್ಮೀರದ ಶಾಸಕ ಭೀಮ್ ಸಿಂಗರಿಗೆ 1985ರಲ್ಲಿ 50,000. ಒಡಿಶಾದಲ್ಲಿ ಕಸ್ಟಡಿಯಲ್ಲಿದ್ದ ಮಗನ ಹೆಣವನ್ನು ರೈಲು ಹಳಿಯ ಬಳಿ ಕಂಡ ನೀಲಾಬತಿ ಬೆಹೆರಾ ಅವರಿಗೆ 1993ರಲ್ಲಿ 1.5 ಲಕ್ಷ. ಮೊತ್ತ ಚಿಕ್ಕದೇ. ಆದರೆ ಸಾರ್ವಭೌಮ ಸರ್ಕಾರವನ್ನು ಪ್ರಶ್ನಿಸುವಂತಿಲ್ಲ ಎಂಬ ಹಳೆಯ ವಾದ ಮೂಲಭೂತ ಹಕ್ಕಿನ ಮುಂದೆ ನಿಲ್ಲುವುದಿಲ್ಲ ಎಂದು ನೀಲಾಬತಿ ಕೇಸು ಗಟ್ಟಿಯಾಗಿ ಹೇಳಿತು. ರಿಟ್ಟಿನಲ್ಲಿ ಸಿಕ್ಕ ಹಣ ಸಿವಿಲ್ ದಾವೆಯ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಶ್ರೀಮಂತರಾಗುವ ಆಸೆಯಿಂದ ಕೇಸು ಹಾಕುವವರಿಗೆ ನಾನು ಮೊದಲೇ ಬೇಡ ಎನ್ನುತ್ತೇನೆ.

ಎಷ್ಟು ವರ್ಷ ಎಳೆಯುತ್ತದೆ? ಗೆದ್ದವರು ಇದ್ದಾರೆಯೇ?

ಇದ್ದಾರೆ. 2006ರ ನವೆಂಬರ್ 11ರಂದು ರಾಮನಾರಾಯಣ ಗುಪ್ತಾ ಎಂಬಾತನನ್ನು ವಾಶಿಯಿಂದ ಎತ್ತಿಕೊಂಡು ಹೋಗಿ, ಅದೇ ರಾತ್ರಿ ವರ್ಸೋವಾದಲ್ಲಿ ಎನ್‌ಕೌಂಟರ್ ಆಯಿತೆಂದು ಪೊಲೀಸರು ಹೇಳಿದರು. ಆತನ ಅಣ್ಣ ವಕೀಲರು. ಸಾವಿನ ಸುದ್ದಿ ಬರುವ ಮೊದಲೇ, ಮಧ್ಯಾಹ್ನವೇ, ನನ್ನ ತಮ್ಮನನ್ನು ಪೊಲೀಸರು ಅಪಹರಿಸಿದ್ದಾರೆ ಎಂದು ಪೊಲೀಸ್ ಕಮಿಷನರ್ ಮುಂತಾದವರಿಗೆ ಟೆಲಿಗ್ರಾಂ, ಫ್ಯಾಕ್ಸ್ ಹೋಗಿದ್ದವು. ರಾತ್ರಿ ನಡೆದ "ಗುಂಡಿನ ಚಕಮಕಿ"ಯ ಕತೆಗೆ ಮಧ್ಯಾಹ್ನದ ಆ ಕಾಗದಗಳೇ ಅಡ್ಡ ನಿಂತವು. 2013ರಲ್ಲಿ ಸೆಷನ್ಸ್ ಕೋರ್ಟಿನಲ್ಲಿ ಶಿಕ್ಷೆಯಾಯಿತು. 2024ರ ಮಾರ್ಚ್ 19ರಂದು ಬಾಂಬೆ ಹೈಕೋರ್ಟು 12 ಪೊಲೀಸರ ಜೀವಾವಧಿಯನ್ನು ಎತ್ತಿಹಿಡಿದು, ಖುಲಾಸೆಯಾಗಿದ್ದ ಹೆಸರಾಂತ ಮಾಜಿ ಅಧಿಕಾರಿ ಪ್ರದೀಪ್ ಶರ್ಮಾಗೂ ಜೀವಾವಧಿ ವಿಧಿಸಿತು. ಹದಿನೇಳು ವರ್ಷ ದಾಟಿತ್ತು. ಎಲ್ಲರ ಮನೆಯಲ್ಲೂ ವಕೀಲ ಅಣ್ಣನಿರುವುದಿಲ್ಲ, ನಿಜ. ಆದರೆ 112ಕ್ಕೆ ಒಂದು ಕರೆ, ಕಮಿಷನರಿಗೆ ಒಂದು ಇಮೇಲ್ ಮಾಡಲು ವಕೀಲರೇ ಬೇಕಿಲ್ಲ. ಅದರಲ್ಲಿ ಹೊತ್ತು ದಾಖಲಾಗುತ್ತದೆಯಲ್ಲ, ಅದು ಮುಖ್ಯ.

ಕಸ್ಟಡಿಯಲ್ಲಿ ಸಾವಾದರೆ?

ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ (ಕಲಂ 196). 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು. ಶವಪರೀಕ್ಷೆಯ ವಿಡಿಯೊ ಆಗಬೇಕೆಂದು ಬರಹದಲ್ಲಿ ಕೇಳಿ. ಊರಿಗೆ ಹೆಣ ಒಯ್ಯುವ ಅವಸರದಲ್ಲಿ, ಅಂತ್ಯಕ್ರಿಯೆಯ ಖರ್ಚು ಕೊಡುತ್ತೇವೆ ಎಂದವರ ಮಾತಿಗೆ, ಸಹಿ ಹಾಕಬೇಡಿ. ಪರಭಣಿಯಲ್ಲಿ 2024ರ ಡಿಸೆಂಬರಿನಲ್ಲಿ ನ್ಯಾಯಾಂಗ ಬಂಧನದಲ್ಲಿದ್ದ ಕಾನೂನು ವಿದ್ಯಾರ್ಥಿಯೊಬ್ಬ ಸತ್ತಾಗ ತಾಯಿ ಹೈಕೋರ್ಟಿಗೆ ಹೋದರು; 2025ರ ಜುಲೈಯಲ್ಲಿ ಔರಂಗಾಬಾದ್ ಪೀಠ ಎಫ್‌ಐಆರ್ ದಾಖಲಿಸಲು ಆದೇಶಿಸಿತು, ಸುಪ್ರೀಂ ಕೋರ್ಟೂ ಅದನ್ನು ಉಳಿಸಿತು. ಎನ್‌ಕೌಂಟರ್ ಸಾವುಗಳಿಗೆ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹಾಕಿದ ಕೇಸಿನ 2014ರ ಸುಪ್ರೀಂ ಕೋರ್ಟ್ ತೀರ್ಪಿನ 16 ಸೂಚನೆಗಳಿವೆ. 1995ರಿಂದ 97ರ ನಡುವೆ ಮುಂಬೈಯಲ್ಲಿ ನಡೆದ 99 ಎನ್‌ಕೌಂಟರುಗಳ, ಸುಮಾರು 135 ಸಾವುಗಳ ಪ್ರಶ್ನೆಯಿಂದಲೇ ಆ ಕೇಸು ಹುಟ್ಟಿದ್ದು.

ನಾವು ದೂರು ಕೊಟ್ಟರೆ ನಮ್ಮ ಮೇಲೆಯೇ ಕೇಸು ಹಾಕುವುದಿಲ್ಲವೇ?

ಹಾಕಬಹುದು. ಮಾಮೂಲು ಅಸ್ತ್ರ ಹಳೆಯ 353, ಈಗ ನ್ಯಾಯ ಸಂಹಿತೆಯ 132: ಸರ್ಕಾರಿ ನೌಕರನ ಕೆಲಸಕ್ಕೆ ಅಡ್ಡಿ ಮಾಡಿ ಕೈ ಮಾಡಿದ ಆರೋಪ, ಠಾಣೆಯಲ್ಲಿ ಜಾಮೀನು ಸಿಗುವುದಿಲ್ಲ. ಇನ್ನೊಂದು ಚಾಪ್ಟರ್ ಕೇಸು, ಅಂದರೆ ಶಾಂತಿಭಂಗದ ಹೆಸರಲ್ಲಿ ಎಸಿಪಿ ಎದುರು ಬಾಂಡ್ ಬರೆಸುವುದು. ಬಗ್ಗದವರಿಗೆ ತಡಿಪಾರ್ (ಗಡಿಪಾರು) ನೋಟಿಸಿನ ಬೆದರಿಕೆ. ಪೊಲೀಸರೊಡನೆ ಮಾತಾಡುವಾಗ ಕೈ ಹಿಂದೆ ಕಟ್ಟಿಕೊಂಡೇ ಮಾತಾಡಿ ಎಂದು ಹೇಳುವುದು ಅಂಜಿಕೆಯಿಂದಲ್ಲ. ಆದರೆ ದೂರಿನ ತಾರೀಖು ಮೊದಲು, ಅವರ ಕೇಸಿನ ತಾರೀಖು ಆಮೇಲೆ ಇದ್ದರೆ ಅದು ಸೇಡಿನ ಕೇಸು ಎಂದು ಹೈಕೋರ್ಟಿಗೆ ತೋರಿಸುವುದು ಸುಲಭ.

ಮುಂಬೈ ಪೊಲೀಸರು ಊರಿಗೆ, ವಿಜಯಪುರಕ್ಕೆ ಹೋಗಿ ತಮ್ಮನನ್ನು ಹಿಡಿದಿದ್ದಾರೆ.

ಅಲ್ಲಿಯ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಟ್ರಾನ್ಸಿಟ್ ರಿಮಾಂಡ್ (ಬೇರೆ ಊರಿಗೆ ಒಯ್ಯಲು ಕೋರ್ಟಿನ ಅನುಮತಿ) ಪಡೆದು ತರಬೇಕು. ಹಿಡಿಯುವ ಭಯ ಮೊದಲೇ ಇದ್ದರೆ ಕೇಸು ಮಹಾರಾಷ್ಟ್ರದಲ್ಲಿದ್ದರೂ ಕರ್ನಾಟಕದ ಕೋರ್ಟಿನಲ್ಲೇ ಕೆಲವು ದಿನಗಳ ನಿರೀಕ್ಷಣಾ ಜಾಮೀನು ಕೇಳಬಹುದು. 2023ರ ಪ್ರಿಯಾ ಇಂದೋರಿಯಾ ತೀರ್ಪು ಇದಕ್ಕೆ ದಾರಿ ಮಾಡಿದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ.

ಕಸ್ಟಡಿಯಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲರನ್ನು ಕೊಡಬೇಕು. ಕಾನೂನು ಸೇವಾ ಪ್ರಾಧಿಕಾರದ ನಂಬರು 15100. ರಿಮಾಂಡಿನ ದಿನ ಕೋರ್ಟಿನಲ್ಲೇ ಕಾನೂನು ನೆರವಿನ ವಕೀಲರನ್ನು ಕೇಳಬಹುದು. ಸಿಗುವವರು ಒಮ್ಮೊಮ್ಮೆ ಬಹಳ ಚುರುಕು, ಒಮ್ಮೊಮ್ಮೆ ಫೈಲನ್ನೂ ಓದಿರುವುದಿಲ್ಲ. ಆದ್ದರಿಂದ ಆಸ್ಪತ್ರೆಯ ಚೀಟಿ, ಫೋಟೊ, ಮೊಹರು ಬಿದ್ದ ದೂರು, ಕನ್ನಡದಲ್ಲಿ ಬರೆದಿಟ್ಟ ವಿವರ ಎಲ್ಲದರ ಎರಡು ಸೆಟ್ ಝೆರಾಕ್ಸ್ ತೆಗೆದುಕೊಂಡು ಬೆಳಗ್ಗೆ ಹತ್ತೂವರೆಗೆ ಮೊದಲೇ ಕೋರ್ಟಿನ ಬಾಗಿಲಲ್ಲಿರಿ. ರಜೆಯ ದಿನವಾದರೆ ಹಾಲಿಡೇ ಕೋರ್ಟು ಎಲ್ಲಿ ಕೂರುತ್ತದೆ ಎಂದು ಹಿಂದಿನ ರಾತ್ರಿಯೇ ಠಾಣೆಯಲ್ಲಿ ಕೇಳಿಟ್ಟುಕೊಳ್ಳಿ.